ಹ್ಯಾಂಡ್ಲರ್ ಹುಡುಕುವ ಮೊದಲು ಲೀಡ್ ಸಡಿಲ ಬಿಡಿ

ನಿಮ್ಮ ಪ್ರಶ್ನೆ ಓದುತ್ತಾ ನನ್ನ ನಾಯಿ ಚಿಗರಿಯದೇ ಕಥೆ ಓದಿದ ಹಾಗಾಯಿತು. ಮುಧೋಳ ಹೆಣ್ಣುನಾಯಿ, ಒಳ್ಳೆ ವಂಶದ ಪೇಪರು, ಮನೆಗೆ ಬಂದವರೆಲ್ಲ ಹೊಗಳುತ್ತಾರೆ, ಡಾಗ್ ಶೋ ರಿಂಗಿಗೆ ಇಳಿದರೆ ಮಾತ್ರ ಕೊನೆಯ ಸ್ಥಾನ. ದುಡ್ಡು ಕೊಟ್ಟು, ರಿಂಗಿನಲ್ಲಿ ನಾಯಿ ಹಿಡಿದು ತೋರಿಸುವ ಪ್ರೊಫೆಷನಲ್ ಹ್ಯಾಂಡ್ಲರ್ ಇಡಬೇಕಾ, ಇಲ್ಲ ಇನ್ನೂ ಒಳ್ಳೆ ಲೈನಿನ, ಅಂದರೆ ವಂಶದ, ಮರಿ ತರಬೇಕಾ ಅಂತ ಕೇಳಿದ್ದೀರಿ. ದಿನಾ ವಾಕಿಂಗ್ ಕರೆದುಕೊಂಡು ಹೋಗುವವಳು 13 ವರ್ಷದ ಮಗಳು ಅಂತಲೂ ಬರೆದಿದ್ದೀರಿ. ನನ್ನ ಪ್ರಕಾರ ಈಗ ಎರಡೂ ಬೇಡ.

ನಮ್ಮದು ಜಮಖಂಡಿ ಕಡೆ ಊರು. ಚಿಗರಿ ಹುಟ್ಟಿದ್ದು ಕಾಕಾನ ಹೊಲದ ಮನೆಯಲ್ಲಿ. ನಾನು ಅವಳನ್ನು ಬೆಂಗಳೂರಿಗೆ ತಂದು ಶೋಗೆ ಹಾಕುತ್ತೇನೆ ಅಂದಾಗ ಕಾಕಾ ಒಂದೇ ಮಾತು ಹೇಳಿದ್ದರು: "ಇದು ಮಂದಿ ಕೈ ತಡಕೊಳ್ಳೂ ನಾಯಿ ಅಲ್ಲವ್ವಾ. ಹೊಲ ಕಾಯೂ ನಾಯಿ." ನಾನು ಆ ಮಾತು ಕೇಳಿಸಿಕೊಂಡೆ, ಆದರೆ ಅದಕ್ಕೆ ತಕ್ಕ ಹಾಗೆ ಏನೂ ಮಾಡಲಿಲ್ಲ. ತಾರಸಿ ಮೇಲೆ ದಿನಾ ಸಂಜೆ ನಿಲ್ಲಿಸಿದೆ, ಓಡಿಸಿದೆ. ಮನೆಯವರ ಮುಂದೆ ಶಿಲೆಯ ಹಾಗೆ ನಿಲ್ಲುತ್ತಿದ್ದಳು. ಇಷ್ಟು ಸಾಕು ಅಂದುಕೊಂಡೆ.

ಮೊದಲ ಶೋದಲ್ಲಿ ಜಡ್ಜ್ ನಮ್ಮ ಕಡೆ ತಿರುಗಿ ಹೆಜ್ಜೆ ಹಾಕಿದರು. ನನಗೆ ಎದೆ ಢವಢವ. ಅವಳು ಹಿಂದಕ್ಕೆ ಸರಿದರೆ ಅಂತ ಲೀಡನ್ನು, ಅಂದರೆ ಕತ್ತಿನ ಹಗ್ಗವನ್ನು, ಮೇಲಕ್ಕೆ ಎಳೆದು ಬಿಗಿ ಹಿಡಿದೆ. ಅಲ್ಲೇ ನನ್ನ ಕೆಲಸ ಕೆಟ್ಟಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ನಾಯಿಗೂ ಇದೇ ಆಗುತ್ತಿದೆ ಅಂತ ನನಗೆ ಬಲವಾದ ಅನುಮಾನ. ಜಡ್ಜ್ ಒಂದು ನಾಯಿಗೆ ಕೊಡುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ತುಟಿ ಎತ್ತಿ ಹಲ್ಲು ನೋಡಬೇಕು, ಭುಜದ ಇಳಿಜಾರು ಮುಟ್ಟಿ ತಿಳಿಯಬೇಕು, ಎದೆ ಎಷ್ಟು ಇಳಿದಿದೆ ನೋಡಬೇಕು, ಬೆನ್ನ ಮೇಲೆ ಕೈ ಆಡಿಸಬೇಕು, ಗಂಡಾದರೆ ವೃಷಣ ಎರಡೂ ಇಳಿದಿವೆಯಾ ನೋಡಬೇಕು. ಆಮೇಲೆ ಓಟ. ನಾನು ಲೀಡ್ ಎಳೆದ ಕ್ಷಣ ಚಿಗರಿಗೆ ಗೊತ್ತಾಗಿದ್ದು ಒಂದೇ: ಈಗ ಏನೋ ಕೆಟ್ಟದ್ದು ಬರುತ್ತಿದೆ, ಅಕ್ಕನಿಗೂ ಹೆದರಿಕೆ ಆಗಿದೆ. ಕತ್ತು ಮೇಲಕ್ಕೆ ಹೋಯಿತು. ಮುಂಗಾಲಿನ ಭಾರ ಹಿಂದಕ್ಕೆ ಸರಿಯಿತು. ಬೆನ್ನು ಕಮಾನಾಯಿತು, ಬಾಲ ಹೊಟ್ಟೆ ಕೆಳಗೆ ಸೇರಿತು. ಅವಳ ಎದೆ, ಭುಜ, ಬೆನ್ನು ಯಾವುದೂ ಇದ್ದ ಹಾಗೆ ಕಾಣಲಿಲ್ಲ. ಜಡ್ಜ್ ಕೈ ಚಾಚಿದಾಗ ಪಕ್ಕಕ್ಕೆ ತಿರುಗಿಬಿಟ್ಟಳು. ನಾನು ಇನ್ನೂ ಬಿಗಿ ಮಾಡಿದೆ, ಮೇಲೆ ಬಾಗಿ "ಏನಿಲ್ಲ ಪುಟ್ಟಾ, ಏನಿಲ್ಲ" ಅಂತ ಶುರು ಮಾಡಿದೆ. ಬಾಗಿದ್ದರಿಂದ ಅವಳು ಇನ್ನಷ್ಟು ಕುಗ್ಗಿದಳು.

ಓಟದಲ್ಲೂ ಅದೇ ಬಿಗಿ ಲೀಡ್. ಆಗಲೂ ನನಗೆ ಏನು ತಪ್ಪಾಯಿತು ಅಂತ ಗೊತ್ತಾಗಿರಲಿಲ್ಲ. ಗೆಳತಿ ರಿಂಗಿನ ಹೊರಗಿನಿಂದ, ಪಕ್ಕದಿಂದ, ಫೋನಿನಲ್ಲಿ ವಿಡಿಯೋ ತೆಗೆದಿದ್ದಳು. ಒಬ್ಬ ಹಿರಿಯ ಹ್ಯಾಂಡ್ಲರ್ ಅದನ್ನು ನೋಡಿ, ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ನಾಯಿ ಟ್ರಾಟ್, ಅಂದರೆ ಹದವಾದ ಓಟ, ಮಾಡುವಾಗ ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ ಹೋಗಬೇಕು. ಚಿಗರಿಯ ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಹೋಗುತ್ತಿದ್ದವು. ಇದಕ್ಕೆ ಪೇಸಿಂಗ್ ಅಂತಾರೆ. ನಾಯಿ ದಣಿದಾಗ ಹೀಗೆ ಆಗುತ್ತದೆ, ಹಿಡಿದವರು ನಾಯಿಗಿಂತ ನಿಧಾನ ಹೋದಾಗಲೂ ಆಗುತ್ತದೆ. ನಾನು ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಿದ್ದೆ. ಅಷ್ಟು ಉದ್ದ ಕಾಲಿನ ನಾಯಿಗೆ ಆ ವೇಗದಲ್ಲಿ ಟ್ರಾಟ್ ಮಾಡಲು ಜಾಗವೇ ಇರಲಿಲ್ಲ. ಮೇಲೆ ಲೀಡ್ ಕತ್ತನ್ನು ಎತ್ತಿ ಹಿಡಿದಿತ್ತು. ಮುಂಗಾಲು ಪೂರ್ತಿ ಚಾಚಲು ಆಗದೆ ಬರೀ ನೆಲ ತಟ್ಟುತ್ತಿತ್ತು. "ನಾಯಿ ಚೆನ್ನಾಗಿದೆ ಮೇಡಂ, ನೀವು ಅದನ್ನ ನೇತು ಹಾಕಿದ್ದೀರಿ" ಅಂದರು ಅವರು.

ಆ ಮಾತಿನ ಮೇಲೆ ನಾನು ಮೊದಲು ತರಬೇತಿ ಕೊಟ್ಟಿದ್ದು ನನಗೇ. ನಾಯಿ ಇಲ್ಲದೆ, ಕೈಯಲ್ಲಿ ಸುಮ್ನೆ ಲೀಡ್ ಹಿಡಿದು, ದೂರದ ಒಂದು ಮರ ನೋಡುತ್ತಾ ಮೈದಾನದಲ್ಲಿ ನೇರ ಗೆರೆಯಲ್ಲಿ ಓಡುವುದು. ಹೆಜ್ಜೆ ಉದ್ದ ಇರಬೇಕು, ಭುಜ ಕುಣಿಯಬಾರದು. ತಿರುಗುವಾಗ ನಾಯಿ ಮತ್ತು ಜಡ್ಜ್ ಮಧ್ಯೆ ನಾನು ಬರಬಾರದು. ವಾಪಸ್ ಬರುವಾಗ ಜಡ್ಜ್ ಮುಂಗಾಲಿನ ನಡೆ ನೋಡುತ್ತಿರುತ್ತಾರೆ, ಅದಕ್ಕೆ ಅವರ ಮೈಮೇಲೆ ಹೋಗದೆ ನಾಲ್ಕೈದು ಅಡಿ ದೂರದಲ್ಲೇ ನಿಲ್ಲಬೇಕು. ಇದನ್ನೆಲ್ಲ ರಿಂಗಿನಲ್ಲಿ ನಿಂತು ಯೋಚಿಸಲು ಆಗುವುದಿಲ್ಲ. ಕಾಲಿಗೆ ಅಭ್ಯಾಸ ಆಗಿರಬೇಕು.

ಆಮೇಲೆ ಪರರ ಕೈ. ಕಾಕಾ ಹೇಳಿದ್ದು ಇದನ್ನೇ. ಅಪರಿಚಿತರು ಮುಟ್ಟಿದರೆ ಸಹಿಸದಿರುವುದು ಮುಧೋಳದ ರಕ್ತದಲ್ಲೇ ಇದೆ. ಅವಳು ಎಲ್ಲರನ್ನೂ ಕಂಡು ಬಾಲ ಆಡಿಸಬೇಕು ಅಂತ ನಾನು ಹಟ ಹಿಡಿಯಲಿಲ್ಲ, ನೀವೂ ಹಿಡಿಯಬೇಡಿ. ಬೇಕಾಗಿರುವುದು ನಿಂತು ತಡೆದುಕೊಳ್ಳುವುದು, ಅಷ್ಟೇ. ಹಾಲಿನವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಕಿರಾಣಿ ಅಂಗಡಿಯವರು, ಎಲ್ಲರನ್ನೂ ಕೇಳಿಕೊಂಡೆ. ಮೊದಲು ಬರೀ ಪಕ್ಕದಲ್ಲಿ ಹಾದು ಹೋಗುವುದು. ಆಮೇಲೆ ಭುಜದ ಮೇಲೆ ಒಂದು ಕ್ಷಣ ಕೈ. ಆಮೇಲೆ ಬೆನ್ನು, ಸೊಂಟ, ಕಡೆಗೆ ತುಟಿ. ಪ್ರತಿ ಸಲವೂ ಬೇಯಿಸಿ ಒಣಗಿಸಿದ ಕೋಳಿ ಲಿವರ್ ತುಂಡು ನನ್ನ ಕೈಯಿಂದ. ಇಡೀ ಹೊತ್ತು ಲೀಡ್ ಸಡಿಲ, ಗಂಟಲ ಕೆಳಗೆ ಜೋತು ಬೀಳುವಷ್ಟು. ಅವಳು ಹಿಂದಕ್ಕೆ ಸರಿದರೆ ಬೈಯುವುದಿಲ್ಲ, ಸಮಾಧಾನವನ್ನೂ ಮಾಡುವುದಿಲ್ಲ. ಕೈ ದೂರ ಹೋಗುತ್ತದೆ, ಅವಳನ್ನು ಮತ್ತೆ ನಿಲ್ಲಿಸುತ್ತೇವೆ. ಸಮಾಧಾನ ಮಾಡದೆ ಸುಮ್ಮನಿರುವುದೇ ನನಗೆ ತುಂಬಾ ಕಷ್ಟವಾಗಿದ್ದು.

ನಾಯಿಯನ್ನು ಜಡ್ಜ್ ಮುಂದೆ ನಿಲ್ಲಿಸುವ ಭಂಗಿಯ ವಿಷಯದಲ್ಲಿ ಒಂದು ಮಾತು. ಯೂಟ್ಯೂಬಿನಲ್ಲಿ ಜರ್ಮನ್ ಶೆಫರ್ಡ್ ನೋಡಿ ಹಿಂಗಾಲನ್ನು ಹಿಂದಕ್ಕೆ ಎಳೆಯಬೇಡಿ. ಮುಂಗಾಲು ಹೆಗಲಿನ ನೇರ ಕೆಳಗೆ ಇರಲಿ, ಹಿಂಗಾಲಿನ ಹಿಮ್ಮಡಿಯಿಂದ ಪಾದದವರೆಗಿನ ಭಾಗ ನೆಲಕ್ಕೆ ಲಂಬವಾಗಿರಲಿ. ಅಷ್ಟಕ್ಕೇ ಮುಧೋಳದ ಸೊಂಟದ ಗೆರೆ ತಾನಾಗಿ ಕಾಣುತ್ತದೆ.

ಚಿಗರಿಗೆ ಆಮೇಲೆ ಚಾಲೆಂಜ್ ಸರ್ಟಿಫಿಕೇಟ್, ಅಂದರೆ ಚಾಂಪಿಯನ್ ಪಟ್ಟಕ್ಕೆ ಲೆಕ್ಕಕ್ಕೆ ಬರುವ ಪತ್ರ, ಬಂತು. ಸೋತದ್ದೂ ಇದೆ. ಒಬ್ಬ ಜಡ್ಜ್ ಅವಳ ಭುಜಕ್ಕೆ ಇಳಿಜಾರು ಸಾಲದು, ತೀರಾ ನೇರ ಇದೆ ಅಂದರು, ಅದು ನಿಜವೇ. ಎಂಥ ಹ್ಯಾಂಡ್ಲರ್ ಬಂದರೂ ಆ ಮೂಳೆ ಬದಲಾಗುವುದಿಲ್ಲ. ಒಳ್ಳೆ ಹ್ಯಾಂಡ್ಲರ್ ನಾಯಿಯಲ್ಲಿ ಇರುವುದನ್ನು ತೋರಿಸುತ್ತಾರೆ, ಇಲ್ಲದ್ದನ್ನು ತಂದು ಇಡಲು ಅವರಿಗೂ ಆಗುವುದಿಲ್ಲ. ಆದರೆ ಕೆಟ್ಟ ಕೈ ಇದ್ದದ್ದನ್ನೂ ಮುಚ್ಚಿಬಿಡುತ್ತದೆ. ನಿಮ್ಮ ನಾಯಿಯಲ್ಲಿ ಏನಿದೆ ಅಂತ ಜಡ್ಜ್ ಇನ್ನೂ ನೋಡಿಯೇ ಇಲ್ಲ ಅನ್ನಿಸುತ್ತದೆ ನನಗೆ. ಹಾಗಿರುವಾಗ ಲೈನ್ ಸರಿ ಇಲ್ಲ ಅಂತ ಹೇಗೆ ತೀರ್ಮಾನ ಮಾಡುತ್ತೀರಿ?

ಇನ್ನೊಂದು ಮರಿ ವಿಷಯ ಅದಕ್ಕೇ ಬೇಡ ಅಂದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಮುಧೋಳದ ಹೆಸರು ಹೇಳಿದ ಮೇಲೆ ಮರಿ ಕೇಳುವವರು ಜಾಸ್ತಿ ಆದರು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋಗಿ, ನಮ್ಮ ಕಾಕಾನಂಥವರ ಹತ್ತಿರ ಹೋಗಿ, ಎಷ್ಟೇ ಒಳ್ಳೆ ಮರಿ ತನ್ನಿ. ಅದೂ ಅದೇ ಬಿಗಿ ಲೀಡಿನ ತುದಿಯಲ್ಲೇ ನಿಲ್ಲುತ್ತದೆ ಅಲ್ವಾ? ತರುವುದೇ ಆದರೆ ಪೇಪರ್ ನೋಡಿಕೊಳ್ಳಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಈ ತಳಿ ಕ್ಯಾರವಾನ್ ಹೌಂಡ್ ಅಂತ ಇರುತ್ತದೆ.

ಪ್ರೊಫೆಷನಲ್ ಹ್ಯಾಂಡ್ಲರ್‌ಗಳ ಮೇಲೆ ನನಗೆ ತುಂಬಾ ಗೌರವ ಇದೆ, ನನಗೆ ಕಣ್ಣು ತೆರೆಸಿದ್ದೇ ಅಂಥವರು. ನೀವು ಯಾರ ಜೊತೆಗಾದರೂ ಹೊಂದಿಕೊಳ್ಳುವ ಲ್ಯಾಬ್ರಡಾರ್ ಇಟ್ಟಿದ್ದರೆ ಇವತ್ತೇ ಮಾತಾಡಿ ಅನ್ನುತ್ತಿದ್ದೆ. ಪೂಡಲ್ ಆದರೆ ಕೂದಲ ಕೆಲಸಕ್ಕೇ ಅವರು ಬೇಕು. ಆದರೆ ಅವರ ಕೈಯಲ್ಲಿ ಒಂದೇ ದಿನ ಎಷ್ಟೋ ನಾಯಿ ಇರುತ್ತವೆ. ಒಂದು ರಿಂಗ್ ಮುಗಿಸಿ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಶೋ ದಿನ ಬೆಳಿಗ್ಗೆ ಮೊದಲ ಸಲ ಕಂಡ ವ್ಯಕ್ತಿಯ ಜೊತೆ ನಿಮ್ಮ ಮುಧೋಳ ಹೋಗುತ್ತದಾ? ಆಗ ಅದಕ್ಕೆ ಅಪರಿಚಿತರು ಒಬ್ಬರಲ್ಲ, ಇಬ್ಬರು. ಇಡಲೇಬೇಕು ಅಂದರೆ ನಾಯಿಯನ್ನು ಕೆಲವು ವಾರ ಅವರ ಜೊತೆ ಒಡನಾಡಲು ಬಿಡುವಂಥವರನ್ನು ಹುಡುಕಿ. ಜಡ್ಜ್‌ಗಳು ಹ್ಯಾಂಡ್ಲರ್ ಮುಖ ನೋಡಿ ಮಾರ್ಕು ಕೊಡುತ್ತಾರೆ ಅಂತ ಬರೆದಿದ್ದೀರಿ. ಕೆಲವು ಸಲ ನನಗೂ ಹಾಗೆ ಅನ್ನಿಸಿದ್ದಿದೆ. ಆದರೆ ಬಾಲ ಮುದುರಿ ನಿಂತ ನಾಯಿಗೆ ಮೊದಲ ಸ್ಥಾನ ಕೊಡಲು ಯಾವ ಜಡ್ಜ್‌ಗೂ ದಾರಿ ಇಲ್ಲ.

ನನ್ನ ಕೇಳಿದರೆ ಲೀಡನ್ನು ಮಗಳ ಕೈಗೆ ಕೊಡಿ. ನಾಯಿ ಈಗಾಗಲೇ ನಂಬಿರುವುದು ಅವಳನ್ನು. ಎಷ್ಟೋ ಶೋಗಳಲ್ಲಿ ಜೂನಿಯರ್ ಹ್ಯಾಂಡ್ಲಿಂಗ್ ಅಂತ ಮಕ್ಕಳಿಗೇ ಬೇರೆ ಸ್ಪರ್ಧೆ ಇರುತ್ತದೆ. ಅಲ್ಲಿ ನಾಯಿಯ ಮೈಕಟ್ಟಿಗೆ ಅಂಕ ಇಲ್ಲ, ಮಗು ಹೇಗೆ ತೋರಿಸುತ್ತದೆ ಅನ್ನುವುದಕ್ಕೆ. ಮೊದಲು ಅಲ್ಲಿ ಇಳಿಸಿ, ರಿಂಗಿನ ಸದ್ದು ಗದ್ದಲ ಇಬ್ಬರಿಗೂ ಅಭ್ಯಾಸ ಆಗಲಿ.

ಮತ್ತೆ, ಅವಳು ನಾಯಿಯನ್ನು ಓಡಿಸುವ ಒಂದು ವಿಡಿಯೋ ಕಾಮೆಂಟಿನಲ್ಲಿ ಹಾಕಿ. ಪಕ್ಕದಿಂದ ತೆಗೆಯಿರಿ, ನಾಲ್ಕೂ ಪಾದ ಕಾಣಬೇಕು, ಒಮ್ಮೆ ನಿಧಾನ, ಒಮ್ಮೆ ಜೋರು. ಪೇಸಿಂಗ್ ಇದೆಯಾ, ಯಾವ ವೇಗಕ್ಕೆ ಟ್ರಾಟ್‌ಗೆ ಬರುತ್ತದೆ ಅಂತ ನೋಡಿ ಹೇಳುತ್ತೇನೆ.