ಒಂಬತ್ತು ವರ್ಷ ಬಿಟ್ಟ ಮೇಲೆ ಮತ್ತೆ ವೇಟ್‌ಲಿಫ್ಟಿಂಗ್ ಪಂದ್ಯಕ್ಕೆ ಇಳಿಯಬಹುದಾ? ನಾಲ್ಕು ತಿಂಗಳು ಸಾಕಾ?

ನಿಮ್ಮ ಪ್ರಶ್ನೆ ಇಷ್ಟು. ವಯಸ್ಸು 31, ಊರು ಹಾಸನ. ಡಿಗ್ರಿಯಲ್ಲಿದ್ದಾಗ 77 ಕೆಜಿ ವಿಭಾಗದಲ್ಲಿ ಸ್ನ್ಯಾಚ್ (ತೂಕ ಹಾಕಿದ ಸರಳನ್ನು, ಅಂದರೆ ಬಾರನ್ನು, ನೆಲದಿಂದ ಒಂದೇ ಏಟಿಗೆ ತಲೆ ಮೇಲೆ ಎತ್ತೋದು) 90, ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ) 115 ಎತ್ತಿದ್ದಿರಿ. ಆಮೇಲೆ ಕೆಲಸ, ಮದುವೆ, ಮಗು. ಒಂಬತ್ತು ವರ್ಷ ಬಾರ್ ಮುಟ್ಟಿಲ್ಲ. ಈಗ ಮೈತೂಕ 86. ಇನ್ನು ನಾಲ್ಕು ತಿಂಗಳಲ್ಲಿ ಒಂದು ಹವ್ಯಾಸಿಗಳ ಪಂದ್ಯ ಇದೆ. ಹೆಸರು ಕೊಡಲಾ ಬೇಡ್ವಾ, ಕೊಟ್ಟರೆ ತಯಾರಿ ಹೇಗೆ ಅಂತ ಕೇಳಿದ್ದೀರಿ.

ಹೆಸರು ಕೊಡಿ. ನಾಲ್ಕು ತಿಂಗಳು ಸಾಕು. ಆದರೆ 90, 115 ಅನ್ನೋ ಆ ಎರಡು ನಂಬರನ್ನು ಇವತ್ತಿಂದ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಅದು 22 ವರ್ಷದ ಹುಡುಗನ ಲೆಕ್ಕ. ನಿಮಗೆ ಈಗ ಬೇಕಾಗಿರೋದು ಈ ವಾರದ ಲೆಕ್ಕ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದ್ರೆ, ಇದೇ ತಪ್ಪನ್ನು ನಾನು ಮಾಡಿದ್ದೇನೆ. ನಾನು ಚಿಕ್ಕಮಗಳೂರಿನವನು, ಕಾಫಿ ಕ್ಯೂರಿಂಗ್ (ಬೀಜ ಹದ ಮಾಡೋ ಕಾರ್ಖಾನೆ) ಒಂದರಲ್ಲಿ ಲೆಕ್ಕ ಬರೆಯೋ ಕೆಲಸ. ಕಾಲೇಜು ಮುಗಿದ ಮೇಲೆ ಏಳು ವರ್ಷ ಬಿಟ್ಟಿದ್ದೆ. ಮತ್ತೆ ಶುರು ಮಾಡಿದಾಗ ಮೊದಲ ಎರಡು ವಾರ ಹಬ್ಬದ ಹಾಗಿತ್ತು. ಒಂದೊಂದು ದಿನಕ್ಕೆ ಐದೈದು ಕೆಜಿ ಏರುತ್ತಿತ್ತು. ಮೂರನೇ ವಾರ 100 ಕೆಜಿ ಕ್ಲೀನ್‌ಗೆ ಕೈ ಹಾಕಿದೆ. ಎತ್ತಿದೆ, ಎದ್ದು ನಿಂತೂ ಬಿಟ್ಟೆ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಎಡ ಮಂಡಿಚಿಪ್ಪಿನ ಕೆಳಗೆ ಸೂಜಿ ಚುಚ್ಚಿದ ಹಾಗಾಯಿತು. ವಾರ ಕಳೆಯೋದರೊಳಗೆ ಕೂತರೆ ಗೋಡೆ ಹಿಡಿದೇ ಏಳಬೇಕು ಅನ್ನೋ ಸ್ಥಿತಿ. ಎರಡು ತಿಂಗಳು ಹೋಯಿತು. ಹೆಸರು ಕೊಟ್ಟಿದ್ದ ಪಂದ್ಯವನ್ನು ಕುರ್ಚಿಯಲ್ಲಿ ಕೂತು ನೋಡಿದೆ. ಆ ಸಂಕಟ ನಿಮಗೆ ಬೇಡ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಗಿದ್ದು ಏನು ಅಂದ್ರೆ, ಒಮ್ಮೆ ಪಳಗಿದ ಮಾಂಸಖಂಡಕ್ಕೆ ಬಲ ಬೇಗ ವಾಪಸ್ ಬರುತ್ತೆ. ಹೊಸಬರಿಗೆ ವರ್ಷ ಹಿಡಿಯೋದು ಹಳಬರಿಗೆ ಕೆಲವೇ ತಿಂಗಳಲ್ಲಿ ಬರಬಹುದು. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು ಇದೆಯಲ್ಲ, ಟೆಂಡನ್, ಅದಕ್ಕೆ ರಕ್ತ ಹರಿಯೋದೇ ಕಮ್ಮಿ. ಅದು ನಿಧಾನಕ್ಕೇ ಗಟ್ಟಿಯಾಗುತ್ತೆ. ತೊಡೆ ‘ಇನ್ನೂ ಹತ್ತು ಕೆಜಿ ಹಾಕು’ ಅನ್ನುತ್ತೆ, ಮಂಡಿ ಇನ್ನೂ ತಯಾರಿರೋಲ್ಲ. ಮೊದಲ ಎರಡು ತಿಂಗಳು ನೀವು ಕೇಳಬೇಕಾದ್ದು ಮಂಡಿ, ಮಣಿಕಟ್ಟು, ಭುಜದ ಮಾತು. ಎತ್ತುವಾಗ ಹೇಗಿತ್ತು ಅನ್ನೋದಕ್ಕಿಂತ ಮಾರನೇ ದಿನ ಬೆಳಗ್ಗೆ ಹೇಗಿದೆ ಅಂತ ನೋಡಿ. ಬೆಳಗ್ಗೆ ಮೆಟ್ಟಿಲು ಇಳಿಯುವಾಗ ನೋವಿದ್ದರೆ ಆ ವಾರ ತೂಕ ಏರಿಸಬೇಡಿ.

ಶುರು ಮಾಡೋ ಮೊದಲು ಒಂದು ಸಲ ಬಿಪಿ ನೋಡಿಸಿಕೊಳ್ಳಿ. ಉಸಿರು ಕಟ್ಟಿ ಎತ್ತುವಾಗ ರಕ್ತದೊತ್ತಡ ಗಕ್ಕನೆ ಏರುತ್ತೆ. ಒಂಬತ್ತು ವರ್ಷದಲ್ಲಿ ಮೈಯಲ್ಲಿ ಏನು ಬದಲಾಗಿದೆ ಅಂತ ಡಾಕ್ಟರ್ ಹೇಳಲಿ.

ಮೊದಲ ತಿಂಗಳು ವಾರಕ್ಕೆ ಮೂರು ದಿನ ಸಾಕು. ನಾನು ಎರಡನೇ ಸಲ ಶುರು ಮಾಡಿದಾಗ ಮೊದಲ ಹತ್ತು ದಿನ ಬಾರ್ ಕೂಡ ಮುಟ್ಟಲಿಲ್ಲ. ಮನೆ ಮುಂದಿನ ಕಾಫಿ ಒಣಗಿಸೋ ಕಣದಲ್ಲಿ ಪಿವಿಸಿ ಪೈಪ್ ಹಿಡಿದು ನಿಲ್ಲುತ್ತಿದ್ದೆ. ಪೈಪನ್ನು ಸ್ನ್ಯಾಚ್ ಹಿಡಿತದಲ್ಲಿ, ಅಂದರೆ ಕೈ ಅಗಲಿಸಿ, ತಲೆ ಮೇಲೆ ಹಿಡಿದು ಪೂರ್ತಿ ಕುಕ್ಕರಗಾಲಲ್ಲಿ ಕೂರೋದು. ಹಿಮ್ಮಡಿ ಎದ್ದರೆ ಕಣಕಾಲು ಬಿಗಿ ಇದೆ. ಪೈಪ್ ಮುಂದಕ್ಕೆ ವಾಲಿದರೆ ಬೆನ್ನಿನ ಮೇಲ್ಭಾಗ ಮತ್ತು ಭುಜ ಬಿಗಿ ಇದೆ. ಕುರ್ಚಿ ಮೇಲೆ ಕೂತು ಕೆಲಸ ಮಾಡೋರಿಗೆ ಇವೆರಡೂ ಇದ್ದೇ ಇರುತ್ತೆ. ಇದನ್ನು ಸರಿ ಮಾಡದೆ ತೂಕ ಹಾಕಿದರೆ ಪಂದ್ಯದಲ್ಲೂ ಪೆಟ್ಟು ತಿನ್ನುತ್ತೀರಿ. ಬಾರ್ ತಲೆ ಮೇಲೆ ಹೋದಾಗ ಮೊಣಕೈ ಒಂದೇ ಏಟಿಗೆ ನೆಟ್ಟಗಾಗಬೇಕು. ಬಗ್ಗಿ ಆಮೇಲೆ ಒತ್ತಿ ನೆಟ್ಟಗೆ ಮಾಡಿದರೆ ಅದು ಪ್ರೆಸ್ ಔಟ್. ರೆಫರಿ ಕೆಂಪು ದೀಪ ಒತ್ತುತ್ತಾರೆ.

ಹುಕ್ ಗ್ರಿಪ್ ಮತ್ತೆ ರೂಢಿ ಮಾಡಿಕೊಳ್ಳಿ. ಹೆಬ್ಬೆರಳನ್ನು ಬಾರ್‌ಗೆ ಒತ್ತಿ, ಅದರ ಮೇಲೆ ತೋರುಬೆರಳು, ನಡುಬೆರಳು. ಮೊದಲ ವಾರ ಹೆಬ್ಬೆರಳು ಜಜ್ಜಿದ ಹಾಗೆ ನೋಯುತ್ತೆ, ಶರ್ಟಿನ ಗುಂಡಿ ಹಾಕೋದೂ ಕಷ್ಟ. ಸ್ವಲ್ಪ ಟೇಪ್ ಸುತ್ತಿಕೊಳ್ಳಿ. ಮೂರನೇ ವಾರಕ್ಕೆ ಮರೆತೇ ಹೋಗುತ್ತೆ.

ಬಾರ್ ಮೈಗೆ ಹತ್ತಿರ ಇರಬೇಕು ಅನ್ನೋದು ನಿಮಗೆ ಗೊತ್ತು. ನನಗೂ ಗೊತ್ತಿತ್ತು, ಆದರೆ ಮೈ ಮರೆತಿತ್ತು. ಅದನ್ನು ಮತ್ತೆ ನೆನಪಿಸಿದ್ದು ನಮ್ಮ ಕ್ಯೂರಿಂಗ್‌ನಲ್ಲಿ ಲೋಡಿಂಗ್ ಮಾಡೋ ಅಣ್ಣ ಒಬ್ಬರು. ಐವತ್ತು ಕೆಜಿ ಕಾಫಿ ಮೂಟೆಯನ್ನು ದಿನಕ್ಕೆ ಎಷ್ಟು ಸಲ ಎತ್ತುತ್ತಾರೋ ಲೆಕ್ಕ ಇಲ್ಲ. ಒಂದು ದಿನ ಊಟದ ಹೊತ್ತಲ್ಲಿ ನಾನು ಖಾಲಿ ಕೈಯಲ್ಲೇ ಎತ್ತೋ ಭಂಗಿ ಮಾಡಿ ನೋಡ್ತಾ ಇದ್ದೆ. ಅವರು ಬಂದು, “ಸಾರ್, ಮೂಟೆ ಮೈಗೆ ಅಂಟ್ಕೊಂಡಿರ್ಬೇಕು. ಒಂದು ಗೇಣು ದೂರ ಹೋದ್ರೆ ನೀವು ಅದನ್ನ ಎತ್ತಲ್ಲ, ಅದೇ ನಿಮ್ಮನ್ನ ಎಳ್ಕೊಂಡು ಹೋಗುತ್ತೆ” ಅಂದರು. ಅಂದು ಸಂಜೆ ತೊಡೆಗೆ ಬಾರ್ ಸವರಿಕೊಂಡೇ ಮೇಲೆ ಹೋಗೋ ಹಾಗೆ 40 ಕೆಜಿಯಲ್ಲಿ ಇಪ್ಪತ್ತು ಸ್ನ್ಯಾಚ್ ಮಾಡಿದೆ. ಮನೆಗೆ ಬಂದು ನೋಡಿದರೆ ಎರಡೂ ತೊಡೆ ಮೇಲೆ ಕೆಂಪು ಗೆರೆ. ಅವತ್ತಿನಿಂದ ಆ ಗೆರೆಯನ್ನೇ ಗುರುತು ಅಂತ ಇಟ್ಟುಕೊಂಡಿದ್ದೇನೆ.

ತೂಕದ ಲೆಕ್ಕ ಹೀಗೆ ಹಾಕಿಕೊಳ್ಳಿ. ಮೊದಲ ತಿಂಗಳು ಸ್ನ್ಯಾಚ್ 55 ದಾಟಬೇಡಿ, ಕ್ಲೀನ್ ಅಂಡ್ ಜರ್ಕ್ 70 ದಾಟಬೇಡಿ. ಸಲೀಸಾಗಿ ಬಂದರೂ ದಾಟಬೇಡಿ. ಅದರ ಬದಲು ಫ್ರಂಟ್ ಸ್ಕ್ವಾಟ್ (ಬಾರನ್ನು ಭುಜದ ಮುಂಭಾಗದಲ್ಲಿ ಹೊತ್ತು ಕೂತು ಏಳೋದು) ಮಾಡಿ, ಮೂರರಿಂದ ಐದು ಸಲದ ಸೆಟ್, ನಿಧಾನಕ್ಕೆ ಇಳಿದು ಎದ್ದು ನಿಲ್ಲಿ. ಎರಡನೇ ತಿಂಗಳು ಸ್ನ್ಯಾಚ್ 65ರ ಸುತ್ತ, ಜರ್ಕ್ 85ರ ಸುತ್ತ. ಮಂಡಿ ಒಪ್ಪಿದರೆ ನಾಲ್ಕನೇ ದಿನ ಸೇರಿಸಿ. ಮೂರನೇ ತಿಂಗಳಲ್ಲಿ ವಾರಕ್ಕೆ ಒಂದು ದಿನ ಮಾತ್ರ ‘ಇವತ್ತು ಎಷ್ಟು ಚೆನ್ನಾಗಿ ಬರುತ್ತೆ’ ಅಂತ ನೋಡಿ. ಚೆನ್ನಾಗಿ ಅಂದ್ರೆ ಕಾಲು ಅಲ್ಲಾಡದೆ. ಒದ್ದಾಡಿಕೊಂಡು ಎತ್ತಿದ್ದನ್ನು ಪುಸ್ತಕದಲ್ಲಿ ಬರೆಯಬೇಡಿ. ಕೊನೇ ಭಾರದ ದಿನ ಪಂದ್ಯಕ್ಕೆ ಎಂಟು ಹತ್ತು ದಿನ ಮೊದಲು ಮುಗಿಯಬೇಕು. ಆಮೇಲೆ ತೂಕ ಇಳಿಸಿ, ಚುರುಕಾಗಿ ಎತ್ತಿ, ಬೇಗ ಮನೆಗೆ ಹೋಗಿ.

ಜಾಗದ ವಿಚಾರಕ್ಕೆ ಬಂದರೆ, ನಮ್ಮ ಎರಡೂ ಊರಲ್ಲಿ ಜಿಮ್‌ಗೆ ಬರ ಇಲ್ಲ. ಆದರೆ ಬಾರ್ ಕೆಳಗೆ ಬಿಡೋಕೆ ಒಪ್ಪೋ ಜಿಮ್ ಕಮ್ಮಿ. ಟೈಲ್ಸ್ ಒಡೆಯುತ್ತೆ ಅನ್ನುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಹಣ ಕಟ್ಟೋ ಮೊದಲೇ ಕೇಳಿ: ರಬ್ಬರ್ ಪ್ಲೇಟ್ ಇದೆಯಾ, ಮರದ ಪ್ಲಾಟ್‌ಫಾರಂ ಇದೆಯಾ, ಬಾರ್‌ನ ಎರಡು ತುದಿ ಸರಾಗವಾಗಿ ತಿರುಗುತ್ತಾ? ತಿರುಗದ ಬಾರ್‌ನಲ್ಲಿ ಕ್ಲೀನ್ ಮಾಡಿದರೆ ಪೂರ್ತಿ ಏಟು ಮಣಿಕಟ್ಟಿಗೆ. ಹಿಮ್ಮಡಿ ಎತ್ತರ ಇರೋ ಲಿಫ್ಟಿಂಗ್ ಶೂ ಮೇಲೆ ಖರ್ಚು ಮಾಡಿ. ಓಡೋ ಶೂ ಮೆತ್ತಗಿರುತ್ತೆ, ಜರ್ಕ್‌ನಲ್ಲಿ ಕಾಲು ಅಲ್ಲಾಡುತ್ತೆ.

ಮಲೆನಾಡಿನ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಚಳಿಗಾಲದ ಬೆಳಗ್ಗೆ ಆರಕ್ಕೆ ಬಾರ್ ಹಿಡಿದರೆ ಐಸ್ ಹಿಡಿದ ಹಾಗಿರುತ್ತೆ. ಬೆವರು ಬರೋವರೆಗೂ ಖಾಲಿ ಬಾರ್ ಬಿಡಬೇಡಿ, ಇಪ್ಪತ್ತು ನಿಮಿಷ ಆದರೂ ಆಗಲಿ. ಮಳೆಗಾಲದಲ್ಲಿ ಚಾಕ್ (ಹಿಡಿತ ಜಾರದಿರಲಿ ಅಂತ ಹಚ್ಚೋ ಪುಡಿ) ಕೂಡ ಕೈಗೆ ಒದ್ದೆ ಹಿಟ್ಟಿನ ಹಾಗೆ ಅಂಟುತ್ತೆ, ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ.

ಮೈತೂಕದ ಬಗ್ಗೆ ನಿಮಗೆ ಒಳ್ಳೇ ಸುದ್ದಿ ಇದೆ. ಒಂಬತ್ತು ಕೆಜಿ ಇಳಿಸಿ 77ಕ್ಕೆ ಬರಬೇಕು ಅಂತ ಬರೆದಿದ್ದೀರಿ. ಆ ವಿಭಾಗವೇ ಈಗ ಇಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿ ಬದಲಾಯಿತು, 2025ರ ಜೂನ್‌ನಲ್ಲಿ ಮತ್ತೆ ಬದಲಾಯಿತು. 2025ರ ಪಟ್ಟಿಯಲ್ಲಿ ಗಂಡಸರಿಗೆ 60, 65, 71, 79, 88, 94, 110, ಅದಕ್ಕೂ ಮೇಲೆ. ಪಟ್ಟಿ ಆಗಾಗ ಬದಲಾಗುತ್ತೆ, ಹಾಗಾಗಿ ನಿಮ್ಮ ಪಂದ್ಯದವರು ಯಾವುದನ್ನು ಬಳಸುತ್ತಾರೆ ಅಂತ ಕೇಳಿಕೊಳ್ಳಿ. 88 ಇದ್ದರೆ ನೀವು ಒಂದು ಗ್ರಾಂ ಕೂಡ ಇಳಿಸಬೇಕಾಗಿಲ್ಲ. ದಯವಿಟ್ಟು ನೀರು ಬಿಟ್ಟು, ಊಟ ಬಿಟ್ಟು ತೂಕ ಇಳಿಸೋಕೆ ಹೋಗಬೇಡಿ. ಹಸಿದ ಮೈಯಲ್ಲಿ ಟೆಂಡನ್ ಗಟ್ಟಿಯಾಗೋಲ್ಲ.

ಊಟ ಮನೆಯದ್ದೇ ಸಾಕು. ಮೈತೂಕದ ಕೆಜಿಗೆ 1.6 ಗ್ರಾಂ ಪ್ರೋಟೀನ್ ಅಂದರೆ ನಿಮಗೆ ದಿನಕ್ಕೆ 140 ಗ್ರಾಂ ಹತ್ತಿರ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಅಕ್ಕಿರೊಟ್ಟಿ, ಕಡುಬು, ಮುದ್ದೆ ಯಾವುದನ್ನೂ ಬಿಡಬೇಡಿ, ಆದರೆ ಪಕ್ಕದಲ್ಲಿ ಮೊಟ್ಟೆ, ಮೀನು, ಕೋಳಿ, ಹುರುಳಿ, ಮೊಸರು ಜಾಸ್ತಿ ಆಗಲಿ. ಜಿಮ್‌ನಲ್ಲಿ ಯಾರಾದರೂ ಲೇಬಲ್ ಇಲ್ಲದ ಪೌಡರ್ ಕೊಟ್ಟರೆ ಮುಟ್ಟಬೇಡಿ. ಮಗು ಚಿಕ್ಕದು ಅಂದಿದ್ದೀರಿ. ರಾತ್ರಿ ನಿದ್ದೆ ಇಲ್ಲದಿದ್ದರೆ ಮಾರನೇ ದಿನದ ಅಭ್ಯಾಸ ಅರ್ಧ ಮಾಡಿ, ಅದು ಸೋಮಾರಿತನ ಅಲ್ಲ.

ಇನ್ನು ಪಂದ್ಯದ ದಿನ. ಮೈತೂಕ ನೋಡೋದು ಪಂದ್ಯ ಶುರುವಾಗೋದಕ್ಕೆ ಎರಡು ಗಂಟೆ ಮೊದಲು. ಮೊದಲ ಪ್ರಯತ್ನ ಎಷ್ಟು ಅಂತ ಅಲ್ಲೇ ಬರೆಸಬೇಕು. ಇಲ್ಲೇ ಮರಳಿ ಬಂದವರು ಎಡವೋದು. ಒಂದೊಂದರಲ್ಲಿ ಮೂರು ಪ್ರಯತ್ನ, ಬರೆಸಿದ ತೂಕ ಎತ್ತೋಕಾಗದಿದ್ದರೆ ಕೆಳಗೆ ಇಳಿಸೋಕೆ ಬರೋಲ್ಲ. ಮೂರೂ ಹೋದರೆ ಟೋಟಲ್ಲೇ (ಎರಡರಲ್ಲೂ ಎತ್ತಿದ ಅತಿ ಹೆಚ್ಚಿನ ತೂಕ ಕೂಡಿಸಿದ ಮೊತ್ತ) ಇಲ್ಲ. ಮೀರಾಬಾಯಿ ಚಾನು ಅವರಿಗೇ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹೀಗಾಯಿತು. ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನ ಕೈಕೊಟ್ಟು ಟೋಟಲ್ ಇಲ್ಲದೆ ಬಂದರು. ಅದೇ ಮೀರಾಬಾಯಿ 2021ರಲ್ಲಿ ಟೋಕಿಯೋದಲ್ಲಿ 202 ಕೆಜಿ ಎತ್ತಿ ಬೆಳ್ಳಿ ತಂದರು. ನಮ್ಮ ಕರಾವಳಿಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್‌ನಲ್ಲಿ 111 ಸ್ನ್ಯಾಚ್ ಆದ ಮೇಲೆ ಕೊನೇ ಪ್ರಯತ್ನದಲ್ಲಿ 138 ಎತ್ತಿ ಬೆಳ್ಳಿ ಗೆದ್ದರು. ಮೂರನೇ ಪ್ರಯತ್ನದಲ್ಲಿ ಧೈರ್ಯ ಮಾಡಿ, ಬೇಡ ಅನ್ನಲ್ಲ. ಮೊದಲನೇದರಲ್ಲಿ ಬೇಡ.

ನಾಲ್ಕು ತಿಂಗಳು ನೆಟ್ಟಗೆ ಮಾಡಿದರೆ ನೀವು ಸ್ನ್ಯಾಚ್ 75, ಜರ್ಕ್ 95ರ ಹತ್ತಿರ ಇರುತ್ತೀರಿ ಅನ್ನೋದು ನನ್ನ ಅಂದಾಜು. ಹಾಗಿದ್ದರೆ 68 ಮತ್ತು 87 ಬರೆಸಿ. ಜ್ವರ ಬಂದ ದಿನವೂ ಬರೋವಂಥ ತೂಕ ಅದು. ಅದು ಎತ್ತಿ, ಬಿಳಿ ದೀಪ ನೋಡಿದ ಮೇಲೆ ಮೈ ತಾನೇ ಸಡಿಲ ಆಗುತ್ತೆ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನಿಮ್ಮ ಸರದಿಗೆ ಇನ್ನೆಷ್ಟು ಪ್ರಯತ್ನ ಉಳಿದಿದೆ ಅಂತ ಎಣಿಸೋದು ಅವರ ಕೆಲಸ. ಹೆಸರು ಕರೆದ ಮೇಲೆ ಇರೋದು ಒಂದೇ ನಿಮಿಷ. ಬೇಗ ವಾರ್ಮ್ ಅಪ್ ಮುಗಿಸಿದರೆ ಮೈ ತಣ್ಣಗಾಗುತ್ತೆ, ತಡ ಮಾಡಿದರೆ ಓಡಿ ಬರಬೇಕಾಗುತ್ತೆ.

ಈ ವಾರ ಪೈಪ್ ಹಿಡಿದು ಕೂತು ಏಳೋದನ್ನು ಪಕ್ಕದಿಂದ, ಸೊಂಟದ ಎತ್ತರಕ್ಕೆ ಮೊಬೈಲ್ ಇಟ್ಟು ವಿಡಿಯೋ ಮಾಡಿ ನೋಡಿಕೊಳ್ಳಿ. ಹಾಸನದಿಂದ ಬೇಲೂರು ಮೇಲೆ ಬಂದರೆ ನಮ್ಮೂರು ಅರವತ್ತು ಕಿಲೋಮೀಟರ್ ಅಷ್ಟೇ ಅಲ್ವಾ. ಭಾನುವಾರ ಬೆಳಗ್ಗೆ ನಾವು ನಾಲ್ಕು ಜನ ಸೇರ್ತೀವಿ. ಬರೋದಾದರೆ ಇಲ್ಲೇ ಕೆಳಗೆ ತಿಳಿಸಿ. ಶೂ ನಿಮ್ಮದು ತನ್ನಿ, ಚಾಕ್ ನಮ್ಮ ಹತ್ರ ಇದೆ.