ಓದುಗರ ಪ್ರಶ್ನೆ, ತಜ್ಞರ ಉತ್ತರ: ಫೈಲ್ ಅಳಿಸಿದರೂ ಡಿಸ್ಕ್ ಖಾಲಿಯಾಗದೇಕೆ?

ಪ್ರಶ್ನೆ: ನಮ್ಮ 40 ಜಿಬಿಯ ಲಿನಕ್ಸ್ ಸರ್ವರ್‌ನಲ್ಲಿ ಪೈಥಾನ್ ಸರ್ವಿಸ್ ಒಂದು ಓಡುತ್ತಿದೆ. ಡಿಸ್ಕ್ ತುಂಬಿತೆಂದು 18 ಜಿಬಿಯ ಲಾಗ್ ಫೈಲನ್ನು ಆರ್‌ಎಂ ಕೊಟ್ಟು ಅಳಿಸಿದೆ. ಆದರೂ ಡಿಎಫ್ ಪ್ರಕಾರ ಡಿಸ್ಕ್ ನೂರಕ್ಕೆ ನೂರು ಭರ್ತಿ. ಡಿಯು ಕೊಟ್ಟರೆ ಸುಮಾರು 20 ಜಿಬಿ ಮಾತ್ರ ಸಿಗುತ್ತದೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ. ಡಿಯು ಒಂದೊಂದೇ ಡೈರೆಕ್ಟರಿ ಹೊಕ್ಕು, ಹೆಸರಿರುವ ಫೈಲುಗಳನ್ನು ಕೂಡಿಸುತ್ತದೆ. ಡಿಎಫ್ ಫೈಲ್‌ಸಿಸ್ಟಂ ಬಳಿ ಇರುವ ಬ್ಲಾಕ್ (ಡಿಸ್ಕ್ ಜಾಗದ ತುಣುಕು) ಲೆಕ್ಕವನ್ನೇ ಓದಿ ಹೇಳುತ್ತದೆ. ಆರ್‌ಎಂ ಅಳಿಸಿದ್ದು ಹೆಸರನ್ನಷ್ಟೇ. ಆ ಹೆಸರಿನ ಹಿಂದಿನ ಐನೋಡ್ (ಫೈಲಿನ ವಿವರವಿಟ್ಟ ದಾಖಲೆ) ಮತ್ತು ಅದರ ಬ್ಲಾಕುಗಳು ಬಿಡುಗಡೆಯಾಗಬೇಕಾದರೆ ಕೊನೆಯ ಹೆಸರೂ ಹೋಗಿರಬೇಕು, ಫೈಲನ್ನು ತೆರೆದುಕೊಂಡಿರುವ ಕೊನೆಯ ಪ್ರಾಸೆಸ್ಸೂ ಅದನ್ನು ಮುಚ್ಚಿರಬೇಕು. ನಿಮ್ಮ ಸರ್ವಿಸ್ ಇನ್ನೂ ಮುಚ್ಚಿಲ್ಲ. ಹೆಸರಿಲ್ಲದ ಆ ಫೈಲಿಗೆ ಈಗಲೂ ಬರೆಯುತ್ತಲೇ ಇದೆ.

ಹಿಡಿದವರು ಯಾರೆಂದು ನೋಡಲು ಸುಡೋ (ರೂಟ್, ಅಂದರೆ ನಿರ್ವಾಹಕರ ಅಧಿಕಾರ) ಜೊತೆ ‘ಎಲ್‌ಎಸ್‌ಒಎಫ್ +ಎಲ್1’ ಕೊಡಿ (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇವೆ). ಹೆಸರು ಕಳೆದುಕೊಂಡೂ ತೆರೆದಿರುವ ಫೈಲುಗಳ ಪಟ್ಟಿ ಬರುತ್ತದೆ. ಅಂಥ ಸಾಲಿನ ಕೊನೆಯಲ್ಲಿ ‘ಡಿಲೀಟೆಡ್’ ಎಂದಿರುತ್ತದೆ. ಅದೇ ಸಾಲಿನ ಪಿಐಡಿ (ಪ್ರಾಸೆಸ್ಸಿನ ಸಂಖ್ಯೆ) ಮತ್ತು ಎಫ್‌ಡಿ (ಅದು ತೆರೆದ ಫೈಲಿನ ಸಂಖ್ಯೆ) ಎರಡನ್ನೂ ಬರೆದಿಟ್ಟುಕೊಳ್ಳಿ. ಸರ್ವಿಸ್ ರೀಸ್ಟಾರ್ಟ್ ಮಾಡಲು ಅಡ್ಡಿಯಿಲ್ಲದಿದ್ದರೆ ಮಾಡಿಬಿಡಿ, 18 ಜಿಬಿ ಮರಳುತ್ತದೆ.

ನಿಲ್ಲಿಸುವಂತಿಲ್ಲ ಎಂದಾದರೆ ಇನ್ನೊಂದು ದಾರಿಯಿದೆ. ಪಿಐಡಿ 1234, ಎಫ್‌ಡಿ 5 ಎಂದಿಟ್ಟುಕೊಳ್ಳಿ. ರೂಟ್ ಶೆಲ್‌ನಲ್ಲಿ ಒಂದು ಕೋಲನ್, ಬಳಿಕ ‘>’ ಚಿಹ್ನೆ, ಬಳಿಕ ‘/ಪ್ರಾಕ್/1234/ಎಫ್‌ಡಿ/5’ ಎಂದು ಕೊಟ್ಟರೆ ಫೈಲಿನ ಗಾತ್ರ ಸೊನ್ನೆಗಿಳಿಯುತ್ತದೆ, ಪ್ರಾಸೆಸ್ ಓಡುತ್ತಲೇ ಇರುತ್ತದೆ. ಎಂಟರ್ ಒತ್ತುವ ಮುಂಚೆ ಎಫ್‌ಡಿ ಸಂಖ್ಯೆಯನ್ನು ಎರಡು ಸಲ ನೋಡಿ. ಪಕ್ಕದ ಸಂಖ್ಯೆ ನಿಮ್ಮ ಡೇಟಾಬೇಸ್ ಫೈಲಿನದಾಗಿದ್ದರೆ ಅದೂ ಇಷ್ಟೇ ಸಲೀಸಾಗಿ ಬರಿದಾಗುತ್ತದೆ, ಮರಳಿ ಬರುವುದಿಲ್ಲ. ಪೈಥಾನ್‌ನಲ್ಲಿ ಲಾಗ್ ಬರೆಯುವ ಫೈಲ್‌ಹ್ಯಾಂಡ್ಲರ್ ಅಪೆಂಡ್ ಮೋಡ್‌ನಲ್ಲಿ (ಸದಾ ಫೈಲಿನ ಕೊನೆಗೆ ಸೇರಿಸುತ್ತಾ) ಬರೆಯುವುದರಿಂದ ಮುಂದಿನ ಸಾಲು ಮೊದಲ ಬೈಟ್‌ನಿಂದಲೇ ಶುರುವಾಗುತ್ತದೆ. ಶೆಲ್‌ನಲ್ಲಿ ಒಂಟಿ ‘>’ ಹಾಕಿ ಓಡಿಸಿದ ಪ್ರೋಗ್ರಾಂ ಹಾಗಲ್ಲ. ಅದು ಹಳೆಯ 18 ಜಿಬಿ ಗುರುತಿನಿಂದಲೇ ಮುಂದುವರಿಸುತ್ತದೆ. ಆಗ ಎಲ್‌ಎಸ್‌ನಲ್ಲಿ ಫೈಲು ಭಾರೀ ದೊಡ್ಡದಾಗಿ ಕಂಡರೂ ನಡುವಿನ ಖಾಲಿ ಜಾಗ ಬ್ಲಾಕುಗಳನ್ನು ತಿನ್ನುವುದಿಲ್ಲ. ಗಾಬರಿ ಬೇಡ.

ಇದು ಮತ್ತೆ ಆಗದಿರಲು ಲಾಗಿಂಗ್ ಸರಿಪಡಿಸಿ. ಹಳೆಯ ಲಾಗನ್ನು ಪಕ್ಕಕ್ಕಿಟ್ಟು ಹೊಸದು ಶುರುಮಾಡುವ ಲಾಗ್‌ರೊಟೇಟ್ ಫೈಲಿನ ಹೆಸರು ಬದಲಿಸಿದರೆ ಸಾಮಾನ್ಯ ಫೈಲ್‌ಹ್ಯಾಂಡ್ಲರ್‌ಗೆ ಅದರ ಸುಳಿವೇ ಇರುವುದಿಲ್ಲ, ಹಳೆಯದಕ್ಕೇ ಬರೆಯುತ್ತಿರುತ್ತದೆ. ಅಲ್ಲಿ ವಾಚ್ಡ್‌ಫೈಲ್‌ಹ್ಯಾಂಡ್ಲರ್ ಬಳಸಿ. ಅದು ಪ್ರತಿ ಸಲ ಬರೆಯುವ ಮುನ್ನ ಐನೋಡ್ ಬದಲಾಗಿದೆಯೇ ಎಂದು ನೋಡಿ, ಬದಲಾಗಿದ್ದರೆ ಫೈಲನ್ನು ಹೊಸದಾಗಿ ತೆರೆಯುತ್ತದೆ. ಲಾಗ್‌ರೊಟೇಟ್ ಬೇಡವೆಂದರೆ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್ ಇದೆ. ಅದರಲ್ಲಿ ಮ್ಯಾಕ್ಸ್‌ಬೈಟ್ಸ್ (ಗರಿಷ್ಠ ಗಾತ್ರ) ಮತ್ತು ಬ್ಯಾಕಪ್‌ಕೌಂಟ್ (ಉಳಿಸುವ ಹಳೆಯ ಫೈಲುಗಳ ಸಂಖ್ಯೆ) ಎರಡನ್ನೂ ಕೊಡಲೇಬೇಕು. ಎರಡರ ಡಿಫಾಲ್ಟ್ ಬೆಲೆಯೂ 0. ಒಂದನ್ನು ಮರೆತರೂ ರೊಟೇಶನ್ ನಡೆಯುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಗುನಿಕಾರ್ನ್ ಎಂಬ ವೆಬ್ ಸರ್ವರ್‌ನಂತೆ ಹಲವು ವರ್ಕರ್ ಪ್ರಾಸೆಸ್ಸುಗಳಿರುವ ಕಡೆ ಅದನ್ನು ಒಂದೇ ಫೈಲಿಗೆ ಕಟ್ಟಬೇಡಿ, ಒಬ್ಬರು ತಿರುಗಿಸಿದ ಫೈಲಿಗೆ ಇನ್ನೊಬ್ಬರು ಬರೆಯುತ್ತಿರುತ್ತಾರೆ.

ಎಲ್‌ಎಸ್‌ಒಎಫ್‌ನಲ್ಲಿ ಏನೂ ಸಿಗದಿದ್ದರೆ ‘ಡಿಎಫ್ -ಐ’ ಕೊಟ್ಟು ಐನೋಡ್ ಲೆಕ್ಕ ನೋಡಿ. ಎಕ್ಸ್ಟ್4 ಫೈಲ್‌ಸಿಸ್ಟಂ ಸಾಮಾನ್ಯವಾಗಿ 16,384 ಬೈಟ್‌ಗೊಂದರಂತೆ ಐನೋಡ್ ಮಾಡಿಟ್ಟಿರುತ್ತದೆ, ಅಂದರೆ 40 ಜಿಬಿಗೆ ಸುಮಾರು 26 ಲಕ್ಷ. ಪುಟಾಣಿ ಕ್ಯಾಶ್ ಫೈಲುಗಳು ಲಕ್ಷಗಟ್ಟಲೆ ಸೇರಿ ಐನೋಡ್ ಮುಗಿದರೆ ಜಾಗವಿದ್ದೂ ಹೊಸ ಫೈಲ್ ಹುಟ್ಟುವುದಿಲ್ಲ. ಮೇಲಾಗಿ ಎಕ್ಸ್ಟ್4 ರೂಢಿಯಂತೆ ಶೇ 5ರಷ್ಟನ್ನು ರೂಟ್‌ಗೆಂದು ಕಾಯ್ದಿಡುತ್ತದೆ. ನಿಮ್ಮಲ್ಲಿ ಅದು 2 ಜಿಬಿ.

ಪ್ರಶ್ನೆ: ಕನ್ನಡ ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಪೈಥಾನ್‌ನ ‘ಆರ್‌ಇ’ ಮಾಡ್ಯೂಲ್‌ನಿಂದ ಎಣಿಸುತ್ತಿದ್ದೇನೆ. ಪದ ಹಿಡಿಯಲು ‘\ಡಬ್ಲ್ಯೂ+’ ಹಾಕಿದರೆ ಪದಗಳೆಲ್ಲ ಚೂರುಚೂರು. ಫೈಲು ಯುಟಿಎಫ್-8ರಲ್ಲೇ ಇದೆ. ಎಲ್ಲಿ ತಪ್ಪಿದೆ?

ಉತ್ತರ: ಫೈಲು ಸರಿಯಿದೆ. ತೊಡಕಿರುವುದು ‘\ಡಬ್ಲ್ಯೂ’ ಯಾವುದನ್ನು ಅಕ್ಷರವೆಂದು ಒಪ್ಪುತ್ತದೆ ಎಂಬಲ್ಲಿ. ‘ಕನ್ನಡ’ ಎಂಬ ಪದವನ್ನೇ ನೋಡಿ. ಕಂಪ್ಯೂಟರ್ ಪಾಲಿಗೆ ಅದು ಐದು ಕೋಡ್‌ಪಾಯಿಂಟ್ (ಯೂನಿಕೋಡ್ ಕೊಡುವ ಒಂದೊಂದು ಸಂಖ್ಯೆ): ಕ, ನ, ವಿರಾಮ (ಅರ್ಧಾಕ್ಷರ ಮಾಡುವ ‘್’ ಚಿಹ್ನೆ), ನ, ಡ. ಉದ್ದ ಹೇಳುವ ‘ಲೆನ್’ ಕೇಳಿದರೆ 5 ಅನ್ನುತ್ತದೆ, ಯುಟಿಎಫ್-8ರಲ್ಲಿ 15 ಬೈಟ್. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ‘ಆರ್‌ಇ’ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳನ್ನಷ್ಟೇ ಪದದ ಭಾಗವೆಂದು ಒಪ್ಪುತ್ತದೆ. ವಿರಾಮ ಮತ್ತು ಗುಣಿತದ ಚಿಹ್ನೆಗಳು ಯೂನಿಕೋಡ್‌ನಲ್ಲಿ ‘ಮಾರ್ಕ್’ ವರ್ಗಕ್ಕೆ ಸೇರಿದವು, ಆದ್ದರಿಂದ ಅಲ್ಲಿ ಪದ ಮುಗಿಯಿತೆಂದೇ ಅದರ ತೀರ್ಮಾನ. ಹೀಗಾಗಿ ‘ಕನ್ನಡ’ ಹೋಗಿ ‘ಕನ’ ಮತ್ತು ‘ನಡ’ ಆಗುತ್ತದೆ. ‘ನಾಡು’ ಎಂಬುದು ‘ನ’ ಮತ್ತು ‘ಡ’.

ಸರಳ ಪರಿಹಾರವೆಂದರೆ ‘\ಡಬ್ಲ್ಯೂ’ ಬಿಟ್ಟು ಚೌಕ ಆವರಣದಲ್ಲಿ ಕನ್ನಡದ ವ್ಯಾಪ್ತಿಯನ್ನೇ ಕೊಡುವುದು: ಯು+0ಸಿ80ರಿಂದ ಯು+0ಸಿಎಫ್‌ಎಫ್‌ವರೆಗೆ, ಜೊತೆಗೆ ಯು+200ಸಿ ಮತ್ತು ಯು+200ಡಿ. ಕೊನೆಯ ಎರಡು ಕಣ್ಣಿಗೆ ಕಾಣದ ಗುರುತುಗಳು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ಗೆ ‘ವ’ ಒತ್ತಾಗಿ ಸೇರದಂತೆ ತಡೆಯುವುದು ಯು+200ಸಿ. ಅದನ್ನು ಬಿಟ್ಟರೆ ಪದ ಅಲ್ಲೇ ತುಂಡಾಗುತ್ತದೆ.

ಇಷ್ಟಾದರೂ ಒಂದೇ ಪದ ಎರಡು ಸಾಲಿನಲ್ಲಿ ಬೇರೆ ಬೇರೆ ಎಣಿಕೆಯೊಂದಿಗೆ ಬರಬಹುದು. ‘ಕೋ’ ಎಂಬುದನ್ನು ಎರಡು ಕೋಡ್‌ಪಾಯಿಂಟ್‌ಗಳಲ್ಲೂ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಬಿಡಿಸಿ ನಾಲ್ಕರಲ್ಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಪೈಥಾನ್‌ಗೆ ಬೇರೆ. ಎಣಿಸುವ ಮುಂಚೆ ಇಡೀ ಪಠ್ಯವನ್ನು ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನ ‘ನಾರ್ಮಲೈಸ್’ಗೆ ಎನ್‌ಎಫ್‌ಸಿ (ಬಿಡಿಸಿ ಬರೆದದ್ದನ್ನು ಕೂಡಿಸುವ ರೂಪ) ಎಂದು ಕೊಟ್ಟು ಹಾಯಿಸಿ. ಎನ್‌ಎಫ್‌ಸಿ ಯು+200ಸಿಯನ್ನು ಮುಟ್ಟುವುದಿಲ್ಲ. ಹಾಗೆಂದು ಅದನ್ನು ಮೂಲದಲ್ಲೇ ಅಳಿಸಿಹಾಕಬೇಡಿ, ಓದುವವರಿಗೆ ಪದದ ರೂಪವೇ ಕೆಡುತ್ತದೆ. ಹೋಲಿಕೆಗೆಂದು ಮಾಡಿಕೊಂಡ ಪ್ರತಿಯಲ್ಲಿ ಮಾತ್ರ ತೆಗೆಯಿರಿ.

ಫೈಲ್ ತೆರೆದಾಗ ಕನ್ನಡದ ಬದಲು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿರಬಹುದು. ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಅದು ಸರಿಹೋಗದು. ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಲೇಬೇಕು.

ಪ್ರಶ್ನೆ: ಡೆಬಿಯನ್ ಲಿನಕ್ಸ್ 12ಕ್ಕೆ ಬಂದ ಮೇಲೆ ಪೈಥಾನ್ ಪ್ಯಾಕೇಜು ಹಾಕಲು ಪಿಪ್ ಇನ್‌ಸ್ಟಾಲ್ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ನಿಲ್ಲುತ್ತದೆ. ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಆಯ್ಕೆ ಕೊಟ್ಟು ಮುಂದುವರಿಯಲೇ?

ಉತ್ತರ: ದಯವಿಟ್ಟು ಬೇಡ. ಸುಡೋ ಪಿಪ್ ಹಾಕಿದ ಪ್ಯಾಕೇಜು ‘/ಯುಎಸ್‌ಆರ್/ಲೋಕಲ್’ ಒಳಗೆ ಕೂರುತ್ತದೆ, ಮತ್ತು ಪೈಥಾನ್ ಆ ಜಾಗವನ್ನು ಡೆಬಿಯನ್‌ನ ಸ್ವಂತ ಎಪಿಟಿ ಹಾಕಿದ ಪ್ಯಾಕೇಜುಗಳಿಗಿಂತ ಮೊದಲು ಹುಡುಕುತ್ತದೆ. ನೀವು ನಿಮ್ಮ ಕೆಲಸಕ್ಕೆಂದು ಹಾಕಿದ ಹೊಸ ಆವೃತ್ತಿಯನ್ನು ಸಿಸ್ಟಂನ ಸ್ವಂತ ಉಪಕರಣಗಳೂ ಎತ್ತಿಕೊಂಡು ಕೆಡುತ್ತವೆ. ಪೈಥಾನ್ ಸುಧಾರಣಾ ಪ್ರಸ್ತಾವ ಪೆಪ್ 668 ಈ ತಡೆ ತಂದದ್ದು ಅದಕ್ಕಾಗಿಯೇ.

ಎಪಿಟಿಯಿಂದ ‘ಪೈಥಾನ್3-ವೆನ್ವ್’ ಹಾಕಿ, ಪ್ರಾಜೆಕ್ಟ್‌ಗೇ ಬೇರೆಯಾದ ಪೈಥಾನ್ ವಾತಾವರಣ ಮಾಡಿಕೊಡುವುದು ಇದೇ. ಇದಿಲ್ಲದಿದ್ದರೆ ಮುಂದಿನ ಹೆಜ್ಜೆ ‘ಎನ್‌ಶೂರ್‌ಪಿಪ್’ ಇಲ್ಲವೆಂದು ನಿಲ್ಲುತ್ತದೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ‘ಪೈಥಾನ್3 -ಎಂ ವೆನ್ವ್ .ವೆನ್ವ್’ ಕೊಡಿ. ಆಮೇಲೆ ‘.ವೆನ್ವ್/ಬಿನ್/ಪೈಥಾನ್’ ಅನ್ನೇ ನೇರವಾಗಿ ಕರೆದರೆ ಸಾಕು, ಆಕ್ಟಿವೇಟ್ ಮಾಡಲೇಬೇಕೆಂದಿಲ್ಲ. ಸುಡೋ ಮುಂದೆ ಸೇರಿಸಿದರೆ ಪಾತ್ ಬದಲಾಗಿ ಮತ್ತೆ ಸಿಸ್ಟಂ ಪೈಥಾನ್ ಓಡುವುದುಂಟು, ಪೂರ್ತಿ ಹಾದಿ ಕೊಟ್ಟರೆ ಆ ಗೊಂದಲವಿಲ್ಲ. ವೆನ್ವ್ ಫೋಲ್ಡರನ್ನು ಬೇರೆಡೆಗೆ ಸಾಗಿಸಬೇಡಿ. ಒಳಗಿನ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ಹಳೆಯ ಹಾದಿಯೇ ಇರುತ್ತದೆ. ಅಳಿಸಿ ಹೊಸದು ಮಾಡುವುದೇ ಬೇಗ.

ಪ್ರಶ್ನೆ: ಕೈಯಿಂದ ಓಡಿಸಿದರೆ ಸರಿ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದರೆ ಬ್ಯಾಕಪ್ ಆಗುತ್ತಿಲ್ಲ. ಫೈಲಿನ ಹೆಸರಿಗೆ ‘ಡೇಟ್ +%ಎಫ್’ ಬಳಸಿದ್ದೇನೆ.

ಉತ್ತರ: ಆ ಶೇಕಡ ಚಿಹ್ನೆಯೇ ಕಾರಣ. ಕ್ರಾನ್‌ಟ್ಯಾಬ್‌ನಲ್ಲಿ ಬರಿಯ ‘%’ ಎಂದರೆ ಹೊಸ ಸಾಲು. ಮೊದಲ ‘%’ ಆದಮೇಲಿನದ್ದೆಲ್ಲ ಆಜ್ಞೆಗೆ ಇನ್‌ಪುಟ್ ಆಗಿ ಹೋಗುತ್ತದೆ. ‘\%’ ಎಂದು ಬರೆಯಿರಿ, ಇಲ್ಲವೇ ಆಜ್ಞೆಯನ್ನು ಸ್ಕ್ರಿಪ್ಟ್ ಫೈಲಿಗೆ ಸೇರಿಸಿ ಕ್ರಾನ್‌ನಿಂದ ಅದನ್ನು ಕರೆಯಿರಿ. ಔಟ್‌ಪುಟ್ಟನ್ನು ‘>>’ ಮೂಲಕ ಒಂದು ಫೈಲಿಗೆ ಕಳಿಸಿ, ಎರರ್ ಔಟ್‌ಪುಟ್ಟೂ ಅಲ್ಲಿಗೇ ಹೋಗುವಂತೆ ಸಾಲಿನ ಕೊನೆಗೆ ‘2>&1’ ಸೇರಿಸಿ; ಮುಂದಿನ ಸಲ ಕೆಟ್ಟರೆ ಅಲ್ಲೇ ಬರೆದಿರುತ್ತದೆ.