ಪರಿಸರದ ಬಗ್ಗೆ ಕೆಲಸ ಮಾಡುವ ಕಲಾವಿದೆಯಾಗಿ, ಟೀಚರ್ ಆಗಿ ಕಾಸರಗೋಡಿನಲ್ಲೇ ಬದುಕಬಹುದಾ?

ನೀವು ಕೇಳಿದ್ದು ಇಷ್ಟು: ಬಿ.ವಿ.ಎ. (ದೃಶ್ಯಕಲೆಯ ಪದವಿ) ಕೊನೆಯ ವರ್ಷದಲ್ಲಿದ್ದೀರಿ, ಊರು ಕಾಸರಗೋಡು, ಸುಸ್ಥಿರತೆಯ ವಿಷಯದಲ್ಲಿ ಚಿತ್ರ ಮಾಡುತ್ತಾ ಮಕ್ಕಳಿಗೂ ಕಲಿಸುವ ಆಸೆ. ಇಂಥ ವೃತ್ತಿ ನಿಜಕ್ಕೂ ಇದೆಯಾ, ಖರ್ಚು ನಡೆಯುತ್ತದಾ, ಮಾಸ್ಟರ್ಸ್ ಮಾಡಬೇಕಾ?

ನಡೆಯುತ್ತದೆ. ನಾನು ಬದಿಯಡ್ಕದ ಕಡೆಯವಳು, ಇದೇ ಕೆಲಸದಲ್ಲಿದ್ದೇನೆ. ಆದರೆ ಈ ಹೆಸರಿನ ಹುದ್ದೆ ಯಾವ ಪಿಎಸ್‌ಸಿ ಪಟ್ಟಿಯಲ್ಲೂ ಸಿಗುವುದಿಲ್ಲ. ಶಾಲೆಯಲ್ಲಿ ಚಿತ್ರಕಲೆಯ ಪಾಠ, ರಜೆಯ ಶಿಬಿರಗಳು, ಮಕ್ಕಳ ಪುಸ್ತಕಕ್ಕೆ ಚಿತ್ರ, ಅಪರೂಪಕ್ಕೆ ಒಂದು ಪ್ರದರ್ಶನ. ಇವನ್ನೆಲ್ಲ ಸೇರಿಸಿ ನಾವೇ ಕಟ್ಟಿಕೊಳ್ಳಬೇಕು. ನನ್ನ ಮನೆಖರ್ಚು ನಡೆಯುವುದು ಪಾಠದಿಂದ. ಚಿತ್ರ ಮಾರಿ ಬರುವ ಹಣವನ್ನು ನಾನು ತಿಂಗಳ ಲೆಕ್ಕಕ್ಕೆ ಸೇರಿಸುವುದಿಲ್ಲ.

ಇದರಿಂದ ಬೇಜಾರಾಗಬೇಡಿ. ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರು ನ್ಯೂಯಾರ್ಕಿನ ಮಿಯರ್ಲ್ ಲೇಡರ್‌ಮನ್ ಯೂಕಲೀಸ್. 1977ರಿಂದ ಅವರು ಆ ನಗರದ ಕಸ ವಿಲೇವಾರಿ ಇಲಾಖೆಯ ಕಲಾವಿದೆ. ಸಂಬಳವಿಲ್ಲದ ಸ್ಥಾನ. 1979-80ರಲ್ಲಿ ಅವರು ಸುಮಾರು 8,500 ಕಸದ ಕೆಲಸಗಾರರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ, ಕೈಕುಲುಕಿ, ಥ್ಯಾಂಕ್ಸ್ ಹೇಳಿದರು. ಅದೇ ಅವರ ಕಲಾಕೃತಿ.

ಅದನ್ನು ಓದಿದ ಮೇಲೆ ನನಗೆ ನೆನಪಾದದ್ದು ನಮ್ಮ ಹರಿತ ಕರ್ಮ ಸೇನೆಯ ಹೆಂಗಸರು. ಪ್ಲಾಸ್ಟಿಕ್ ಒಯ್ಯಲು ಮನೆಮನೆಗೆ ಬರುವ ಅವರನ್ನು ನಾವು ಗೇಟಿನ ಹತ್ತಿರವೇ ಮಾತಾಡಿಸಿ ಕಳಿಸುತ್ತೇವೆ, ಅಲ್ವಾ? ಅವರಲ್ಲಿ ಕೆಲವರನ್ನು ನಾನು ತರಗತಿಗೆ ಕರೆದೆ, ಪಾಠ ಮಾಡುವುದಕ್ಕೇ. ಹಾಲಿನ ಕವರ್ ಯಾಕೆ ತೊಳೆದು ಒಣಗಿಸಿ ಕೊಡಬೇಕು, ಚಿಪ್ಸ್ ಪೊಟ್ಟಣದ ಒಳಗಿನ ಬೆಳ್ಳಿ ಬಣ್ಣದ ಪದರ ಬೇರೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುವುದರಿಂದ ಅದನ್ನು ಮರುಬಳಕೆ ಮಾಡುವುದು ಎಷ್ಟು ಕಷ್ಟ ಅಂತ ಅವರು ಕೈಯಲ್ಲಿ ಹಿಡಿದೇ ತೋರಿಸಿದರು. ಮಕ್ಕಳು ಎದುರು ಕೂತು ಅವರ ಮುಖ ಬರೆದರು. ಆ ಚಿತ್ರಗಳನ್ನು ಆ ಹೆಂಗಸರೇ ಮನೆಗೆ ಒಯ್ದರು.

ಇದಕ್ಕೂ ಶಾಲೆಗಳಲ್ಲಿ ನಡೆಯುವ 'ಕಸದಿಂದ ರಸ' ಸ್ಪರ್ಧೆಗೂ ಬಹಳ ವ್ಯತ್ಯಾಸ ಇದೆ. ಪರಿಸರ ಕಲೆ ಅಂದ ಕೂಡಲೇ ನಿಮ್ಮಿಂದ ಅದನ್ನೇ ಕೇಳುತ್ತಾರೆ. ಬಾಟಲಿಗೆ ಬಣ್ಣ ಬಳಿದು, ಗ್ಲಿಟರ್ ಅಂಟಿಸಿ, ಹೂದಾನಿ ಮಾಡುವುದು. ಮೊದಲು ಗುಜರಿಗಾದರೂ ಹೋಗುತ್ತಿದ್ದ ಬಾಟಲಿ, ಬಣ್ಣ ಅಂಟು ಮೆತ್ತಿದ ಮೇಲೆ ಅದಕ್ಕೂ ಬೇಡ. ಸ್ಪರ್ಧೆಗೆ ಅಂತಲೇ ಹೊಸ ಬಾಟಲಿ ಕೊಂಡು ತರುವ ಮನೆಗಳೂ ಇವೆ. ಇಂಥ ಕೆಲಸಕ್ಕೆ ಕರೆದರೆ ನಾನು ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ ಅನ್ನುವುದು ನನ್ನ ಪ್ರೀತಿಯ ಒತ್ತಾಯ.

ಹಾಗಾದರೆ ಏನು ಮಾಡಬೇಕು? ಸುತ್ತಲಿನ ಒಂದು ವಸ್ತುವನ್ನು ಹಿಡಿದುಕೊಳ್ಳಿ. ಅದರ ಬುಡಕ್ಕೆ ಹೋಗಿ. ನಾನು ಹಿಡಿದದ್ದು ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಮತ್ತು ಅದರ ಮಣ್ಣು. ಜೆಸಿಬಿ ಗುಡ್ಡೆ ಕಡಿದಲ್ಲಿ ಗೋಡೆಯಂತೆ ನಿಂತ ಯಾವುದಾದರೂ ಬರೆಯನ್ನು ಮೇಲಿಂದ ಕೆಳಗೆ ನೋಡಿ. ಮೇಲೆ ಗಟ್ಟಿ ಕೆಂಪು, ಅದರ ಕೆಳಗೆ ಹಳದಿ ಕೆಂಪು ಬೆರೆತದ್ದು, ಇನ್ನೂ ಕೆಳಗೆ ಬಿಳಿ ಜೇಡಿ. ಮಣ್ಣನ್ನು ಪುಡಿ ಮಾಡಿ ಬಾಲ್ದಿ ನೀರಿನಲ್ಲಿ ಕದಡಿದರೆ ಮರಳು ಕೂಡಲೇ ತಳಕ್ಕೆ ಕೂರುತ್ತದೆ. ಮೇಲಿನ ಬಣ್ಣದ ನೀರನ್ನು ಇನ್ನೊಂದು ಬಾಲ್ದಿಗೆ ಬಗ್ಗಿಸಿ ರಾತ್ರಿಯಿಡೀ ಬಿಟ್ಟರೆ ಬೆಣ್ಣೆಯಂಥ ಮಣ್ಣು ಕೆಳಗೆ ನಿಲ್ಲುತ್ತದೆ. ಅದನ್ನು ಒಣಗಿಸಿ, ಗೇರುಮರದ ಅಂಟು ಕರಗಿಸಿದ ನೀರು ಸೇರಿಸಿ ನಯವಾಗಿ ಅರೆದರೆ ಜಲವರ್ಣ ಸಿದ್ಧ. ತೆಂಗಿನ ಗೆರಟೆ ಸುಟ್ಟ ಮಸಿಯಿಂದ ಕಪ್ಪು.

ಮಕ್ಕಳಿಗೆ ಜಾಸ್ತಿ ಇಷ್ಟ ಆಗುವುದು ಹುರಿಯುವ ಕೆಲಸ. ಹಳದಿ ಮಣ್ಣನ್ನು ಹಳೆಯ ಕಬ್ಬಿಣದ ಕಾವಲಿಗೆ ಹಾಕಿ, ಜೋರು ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ ಅಂಚಿನಿಂದ ಶುರುವಾಗಿ ನಿಧಾನಕ್ಕೆ ಪೂರ್ತಿ ಕೆಂಪಾಗುತ್ತದೆ. ಹಳದಿ ಕೊಡುವ ಗೋಥೈಟ್ ಖನಿಜದಲ್ಲಿ ಸೇರಿಕೊಂಡ ನೀರಿನ ಅಂಶ ಬಿಸಿಗೆ ಹೋಗಿ, ಅದು ಕೆಂಪು ಹೆಮಟೈಟ್ ಆಗುತ್ತದೆ. ಎರಡೂ ಕಬ್ಬಿಣವೇ. ಇನ್ನೊಂದು ಪ್ರಶ್ನೆ ಎಲ್ಲ ಶಾಲೆಯಲ್ಲೂ ಬರುತ್ತದೆ: "ಟೀಚರ್, ಹಸಿರು ಎಲ್ಲಿ?" ನಮ್ಮ ಮಣ್ಣಿನಲ್ಲಿ ಹಸಿರು ಸಿಗುವುದಿಲ್ಲ. ಎಲೆಯ ರಸ ಬಿಸಿಲಿಗೆ ಬೇಗ ಮಾಸುತ್ತದೆ, ಅರಸಿನವೂ ನಿಲ್ಲುವುದಿಲ್ಲ. ಬಾಳುವ ಬಣ್ಣ ಯಾವುದು, ಬಾಳದ್ದು ಯಾವುದು ಅಂತ ಮಕ್ಕಳು ಕಾಗದವನ್ನು ಕಿಟಕಿಯಲ್ಲಿ ಅಂಟಿಸಿ ತಾವೇ ನೋಡಿಕೊಳ್ಳುತ್ತಾರೆ.

ಅದೇ ಬರೆಯೇ ನೀರಿನ ಪಾಠ. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಜೇಡಿಯ ಮೇಲೆ ತಡೆದು ನಿಲ್ಲುತ್ತದೆ. ನಮ್ಮ ಗುಡ್ಡೆಗಳಲ್ಲಿ ಸುರಂಗ ತೋಡುವವರು ಹುಡುಕುವುದು ಆ ನೀರನ್ನೇ. ಗುಡ್ಡೆಯ ತಲೆಯನ್ನು ಕಲ್ಲಿಗಾಗಿ ಕಡಿದರೆ ಕೆಳಗಿನ ತೋಟಕ್ಕೆ ಏನಾಗುತ್ತದೆ ಅಂತ ಆಮೇಲೆ ನಾನು ಹೇಳಬೇಕಾಗಿಯೇ ಇಲ್ಲ, ಮಕ್ಕಳೇ ಹೇಳುತ್ತಾರೆ. 1991ರಲ್ಲಿ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಪರಿಸರ ಪಾಠ ಕಡ್ಡಾಯ ಎಂದಿತು. ಪಾಠ ಬಂತು, ಆದರೆ ಹೆಚ್ಚಿನ ಕಡೆ ಪುಸ್ತಕದೊಳಗೇ ಉಳಿದಿದೆ. ಅದನ್ನು ಹೊರಗೆ ತರುವ ಕೆಲಸ ನಮಗಾಗಿ ಕಾದಿದೆ.

ಒಂದು ಎಚ್ಚರಿಕೆ. ನೈಸರ್ಗಿಕ ಅಂದರೆ ಅಪಾಯವಿಲ್ಲ ಅಂತಲ್ಲ. ಯಕ್ಷಗಾನದ ಹಳೆಯ ಬಣ್ಣಗಳಲ್ಲಿ ಇಂಗಳೀಕ ಪಾದರಸದ್ದು, ಅರದಾಳ ಆರ್ಸೆನಿಕ್‌ನದು. ಇವನ್ನು ಮಕ್ಕಳ ಕೈಗೆ ಕೊಡಲೇಬಾರದು. ಅಡಿಕೆ ಹಾಳೆಯ ತಟ್ಟೆಯ ವಿಷಯವೂ ಹಾಗೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಳೆಯಲ್ಲಿರುವ ಅಡಿಕೆಯ ಅಂಶಗಳು ಊಟಕ್ಕೆ ಇಳಿಯಬಹುದು ಅಂತ ಅದರ ಬಳಕೆಗೆ ತಡೆ ಹಾಕಿತು. ನಮ್ಮೂರಿನ ಎಷ್ಟೋ ಮನೆಗಳ ಆದಾಯದ ಮಾತು ಇದು, ಹಾಗಾಗಿ ಮಕ್ಕಳ ಮುಂದೆ ಎರಡೂ ಮಗ್ಗುಲು ಇಡುತ್ತೇನೆ. ಕೆಮಿಸ್ಟ್ರಿ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆಯೂ ಹೇಳಲೇಬೇಕು. ಕಾಸರಗೋಡಿನ ಕಲಾವಿದೆ ಅಂದ ಕೂಡಲೇ ಹೊರಗಿನವರು ಅದನ್ನೇ ಕೇಳುತ್ತಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ದೇಶದಲ್ಲಿ ನಿಷೇಧ ಬಂದದ್ದು 2011ರಲ್ಲಿ. ಅದರಿಂದ ನೊಂದ ಮಕ್ಕಳ ಫೋಟೋ ಜಗತ್ತೆಲ್ಲ ನೋಡಿದೆ. ಆ ಮುಖಗಳನ್ನು ಮತ್ತೆ ಬರೆದು ಗೋಡೆಗೆ ತೂಗುಹಾಕುವುದು ನನ್ನಿಂದ ಆಗುವುದಿಲ್ಲ. ಆ ಮನೆಯ ಅಮ್ಮಂದಿರಿಗೆ ಏನು ಬೇಕು ಅಂತ ಮೊದಲು ಕೇಳಿ. ಕೆಲವೊಮ್ಮೆ ಬೇಕಾಗಿರುವುದು ಒಂದು ಅರ್ಜಿ ಬರೆದುಕೊಡುವವರು, ಅಥವಾ ಮಗುವಿನ ಜೊತೆ ಮಧ್ಯಾಹ್ನ ಕೂತು ಬಣ್ಣ ಆಡುವವರು. ಅದೂ ನಮ್ಮ ಕೆಲಸವೇ.

ಗಡಿಯ ಕಷ್ಟ ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ಕಲಿ-ಕಲಿಸು ಕಲಾ ಶಿಕ್ಷಣದ ಒಳ್ಳೆಯ ಯೋಜನೆ, ಆದರೆ ಅದು ಕರ್ನಾಟಕದ ಶಾಲೆಗಳನ್ನು ನೋಡಿಕೊಂಡು ಮಾಡಿದ್ದು. ನಮಗೆ ಹತ್ತಿರದ್ದು ಕೇರಳ ಲಲಿತಕಲಾ ಅಕಾಡೆಮಿ, ಕಾಞಂಗಾಡಿನಲ್ಲಿ ಅವರ ಗ್ಯಾಲರಿ ಇದೆ. ಹೆಚ್ಚಿನ ಪ್ರಕಟಣೆಗಳು ಮಲಯಾಳದಲ್ಲಿ ಬರುತ್ತವೆ. ಓದಲು ಬರದಿದ್ದರೆ ಈಗಲೇ ಕಲಿಯಿರಿ.

ಮಾಸ್ಟರ್ಸ್ ಬೇಕಾಗುವುದು ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ. ಶಾಲೆ, ಶಿಬಿರಗಳಿಗೆ ಹೋಗುವುದಾದರೆ ಒಂದೆರಡು ವರ್ಷ ತಡೆದರೂ ಸರಿ. ಆ ಸಮಯದಲ್ಲಿ ಒಂದೇ ಶಾಲೆಗೆ ಮತ್ತೆ ಮತ್ತೆ ಹೋಗಿ, ಮಕ್ಕಳ ಕೆಲಸವನ್ನು ತಾರೀಕು ಹಾಕಿ ಜೋಪಾನ ಮಾಡಿ. ಮಳೆಗಾಲ ಮುಗಿದು ಪಡ್ರೆಯ ಕಡೆ ತೋಡುಗಳಿಗೆ ಕಟ್ಟ (ನೀರು ತಡೆಯುವ ತಾತ್ಕಾಲಿಕ ಒಡ್ಡು) ಹಾಕುವ ಹೊತ್ತಿಗೆ ಹೋಗಿ ಕೂತು ಚಿತ್ರ ಬರೆಯಿರಿ, ಕಲ್ಲು ಮಣ್ಣು ಹೊರುವುದಕ್ಕೂ ಕೈ ಕೊಡಿ. ಮತ್ತೆ, ಶಿಬಿರಕ್ಕೆ ಕರೆದವರಿಗೆ ನಿಮ್ಮ ಸಂಭಾವನೆ ಎಷ್ಟು, ಬಸ್ಸಿನ ಖರ್ಚು ಯಾರದ್ದು ಅಂತ ಫೋನಿನಲ್ಲೇ ಹೇಳಿಬಿಡಿ. ಆಮೇಲೆ ಅದನ್ನೇ ಒಂದು ಮೆಸೇಜ್ ಆಗಿ ಕಳಿಸಿ.